ಮೂರು ಸಲ ಮುಟ್ಟಿದ್ದೆ

“ಮೀಟ್ರು ಮೂರು ಸಲ ತಪ್ಪು ತೋರಿಸ್ತು. ಅಲ್ಲೇನಾದ್ರೂ ಮುಟ್ಟಿದ್ಯಾ ಅಣ್ಣಾ?” ಹಳೇಬೀಡಿನ ಟೆಲಿಫೋನ್ ಎಕ್ಸ್‌ಚೇಂಜಿನಿಂದ ತಮ್ಮ ಶಿವು ಫೋನಿನಲ್ಲಿ ಕೇಳಿದ. ಜಾವಗಲ್‌ನಲ್ಲಿದ್ದ ನಾನು, “ಇಲ್ಲ ಕಣ್ಲಾ” ಎಂದೆ.

ಎರಡೂರಿನ ನಡುವಿನ ಹೊಸ ಕೇಬಲ್ಲಿಗೆ ಜಾಯಿಂಟ್ ಹಾಕಿದ್ದವನು ಶಿವು. ಅಂದು ಅದರ ಪರೀಕ್ಷೆ. ಅವನ ಮೀಟರಿನಿಂದ ಹೊರಟ ಸಂಕೇತ ನನ್ನ ಕಡೆ ಬಂದು, ಒಂದು ತುಂಡು ತಂತಿಯಲ್ಲಿ ತಿರುಗಿ ವಾಪಸ್ ಹೋಗಬೇಕು. ದಾರಿಯಲ್ಲಿ ಎಷ್ಟು ಸಲ ಕೆಟ್ಟಿತೆಂದು ಮೀಟರ್ ಎಣಿಸುತ್ತದೆ. ಸಂಜೆಯವರೆಗೆ ಸೊನ್ನೆಯೇ ಇದ್ದರೆ ಮುಂದಿನ ಕೆಲಸವೂ ಅವನಿಗೇ ಸಿಗುತ್ತಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಆ ತುಂಡು ತಂತಿ ಕಾಯುವ ಕೆಲಸ ಕೊಡಿಸಿದ್ದೂ ಅವನೇ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸಡಿಲವಾಗಿಬಿಟ್ಟರೆ ತಮ್ಮನ ಗತಿಯೇನು ಎಂದು ಮೂರು ಸಲ ಅದನ್ನು ಅಲುಗಾಡಿಸಿ ನೋಡಿದ್ದೆ.

ಫೋನ್ ಇಡುವ ಮೊದಲು ಅವನು ಪರೀಕ್ಷೆ ನೋಡಲು ಬಂದಿದ್ದ ಸಾಹೇಬರಿಗೆ ಹೇಳಿದ್ದು ನನಗೆ ಕೇಳಿಸಿತು: “ಅಲ್ಲಿ ನಮ್ಮಣ್ಣ ಅವ್ನೆ ಸಾರ್, ಆ ಕಡೆ ತಪ್ಪಾಗಲ್ಲ. ನನ್ ಜಾಯಿಂಟೇ ಕೆಟ್ಟಿರ್ಬೇಕು, ಬಿಚ್ಚಿ ನೋಡ್ತೀನಿ.”

ಮಧ್ಯಾಹ್ನವೆಲ್ಲ ಅವನು ರಸ್ತೆ ಬದಿಯ ಗುಂಡಿಗಳಿಗಿಳಿದು, ಚೆನ್ನಾಗಿದ್ದ ಜಾಯಿಂಟುಗಳನ್ನು ಕತ್ತರಿಸಿ ಮತ್ತೆ ಕೂಡಿಸಿದ. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಕೂತಿದ್ದೆ. ಮೀಟರ್ ಆಮೇಲೆ ಸೊನ್ನೆ ಬಿಟ್ಟು ಅಲುಗಲಿಲ್ಲ. ಆದರೆ ಮುಂದಿನ ಕೆಲಸ ಬೇರೆಯವರಿಗೆ ಹೋಯಿತು.

ಇಂದಿಗೂ ಮಾತು ಬಂದಾಗಲೆಲ್ಲ ಶಿವು, “ಅವತ್ತು ನನ್ ಕೈನೇ ಕೈಕೊಡ್ತು” ಅನ್ನುತ್ತಾನೆ. ನಾನು ಎದ್ದು ಹೊರಗೆ ಹೋಗುತ್ತೇನೆ. ನಾನಿದನ್ನು ಬರೆದು ಕಳಿಸುತ್ತಿರುವ ಈ ಪತ್ರಿಕೆ ಅವನ ಮನೆಗೂ ಬರುತ್ತದೆ.