ಇಸ್ತ್ರಿ ಅತ್ತಿಗೆಯ ಮೊದಲ ಓಟು

ಆಕೆ ಮದುವೆಯಾಗಿ ಬೇರೆ ದೇಶದಿಂದ ಬಂದವಳು. ಗಂಡನ ಇಸ್ತ್ರಿ ಅಂಗಡಿಯಲ್ಲಿ ಕೆಲಸ ಕಲಿತಳು, ಗಿರಾಕಿಗಳ ಬಾಯಿಂದ ಭಾಷೆ ಕಲಿತಳು. ಬೀದಿಗೆಲ್ಲ ಆಕೆ ‘ಇಸ್ತ್ರಿ ಅತ್ತಿಗೆ’. ಪೌರತ್ವ ಸಿಕ್ಕ ವರ್ಷವೇ ಸಂಸತ್ತಿನ ಚುನಾವಣೆ ಬಂತು.

ಗಂಡ ಮಾದರಿ ಮತಪತ್ರ ತಂದು ತೋರಿಸಿದ. ಆಕೆ ಮೇಲಿಂದ ಕೆಳಗಿನವರೆಗೆ ಹುಡುಕಿದಳು.

“ಪ್ರಧಾನಿ ಹೆಸರೇ ಇಲ್ವಲ್ರೀ?”

“ನಾವು ಈ ಕಡೆಯ ಮೆಂಬರನ್ನ ಆರಿಸ್ತೀವಿ. ಯಾವ ಪಕ್ಷಕ್ಕೆ ಮೆಂಬರುಗಳು ಜಾಸ್ತಿಯೋ ಅವರ ನಾಯಕ ಪ್ರಧಾನಿ ಆಗ್ತಾನೆ.”

ಗುಂಡಿ ಹೊಲಿಯುತ್ತಿದ್ದ ಅತ್ತೆ ನಕ್ಕರು. “ಗಂಡು ನೋಡೋಕೆ ಹೋದ್ರೆ ಅವನ ಚಿಕ್ಕಪ್ಪನ್ನ ತೋರಿಸಿದ ಹಾಗೆ ಕಣಮ್ಮ.”

ಸೊಸೆ ನಗಲಿಲ್ಲ. ಅವಳ ತವರು ದೇಶದಲ್ಲೂ ಚುನಾವಣೆ ತಪ್ಪದೆ ನಡೆಯುತ್ತಿತ್ತು. ಚೀಟಿಯಲ್ಲಿ ಒಂದೇ ಹೆಸರು. ಮಡಚಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಬೇಡವೆನ್ನುವವರು ಪರದೆಯ ಹಿಂದೆ ಹೋಗಿ ಆ ಹೆಸರನ್ನು ಹೊಡೆದುಹಾಕಬಹುದಿತ್ತು. ಆದರೆ ಯಾರು ಪರದೆಯ ಕಡೆ ನಡೆದರೆಂದು ನೋಡಲು ಜನ ಕೂತಿರುತ್ತಿದ್ದರು. ರೈಲು ಓಡಿಸುತ್ತಿದ್ದ ಅವಳ ಅಪ್ಪ ಒಮ್ಮೆ ಆ ಕಡೆ ನಡೆದ. ಮರುವಾರದಿಂದ ನಿಲ್ದಾಣದ ಕಸ ಗುಡಿಸಿದ.

ಮತದಾನದ ದಿನ ಶಾಲೆಯ ಕೋಣೆಯಲ್ಲಿ ಅಧಿಕಾರಿ ಚೀಟಿ ಕೊಟ್ಟು ರಟ್ಟಿನ ಮರೆಯತ್ತ ಕೈ ತೋರಿಸಿದಳು. ಇಸ್ತ್ರಿ ಅತ್ತಿಗೆ ಸುತ್ತ ಕೂತವರನ್ನು ನೋಡಿದಳು.

“ಅಲ್ಲಿಗೆ ಹೋಗ್ಲೇಬೇಕಾ?”

“ಎಲ್ಲರೂ ಹೋಗ್ಲೇಬೇಕಮ್ಮ. ನೀವು ಯಾರಿಗೆ ಹಾಕ್ತೀರಿ ಅಂತ ನಾವು ನೋಡ್ಬಾರದು.”

ಮರೆಯ ಹಿಂದೆ ಆಕೆ ಬಹಳ ಹೊತ್ತು ನಿಂತಳು. ಅಂದು ಅಪ್ಪ ನಿಂತಿದ್ದೂ ಇಂಥದೇ ಮರೆಯ ಹಿಂದೆ ಎಂದುಕೊಂಡಳು. ಗುರುತು ಹಾಕಿ, ಕಣ್ಣೊರೆಸಿಕೊಂಡು ಹೊರಬಂದಳು.

“ಯಾರಿಗೆ ಹಾಕ್ದೆ?” ಎಂದ ಗಂಡ.

“ಹೇಳೋ ಹಾಗಿಲ್ವಂತೆ.”

ಅವನು ಬೆಪ್ಪಾದ. ಆಮೇಲೆ ಮನೆ ಸೇರುವವರೆಗೂ ನಗುತ್ತಲೇ ಬಂದ.

ಆಕೆ ಓಟು ಹಾಕಿದ್ದು ಪಕ್ಕದ ಬೀದಿಯ ಹಲ್ಲಿನ ಡಾಕ್ಟರಿಗೆ. ಅವರು ಸೋತರು. ಅಂದು ಆಕೆಗೆ ಊಟ ಸೇರಲಿಲ್ಲ. ಇನ್ನು ಅವರನ್ನು ಏನು ಮಾಡುತ್ತಾರೋ ಎಂಬ ದಿಗಿಲು. ಮರುದಿನ ಬೆಳಿಗ್ಗೆ ನೋಡಿದರೆ ಡಾಕ್ಟರೇ ಬಟ್ಟೆಯ ಗಂಟು ಹಿಡಿದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಾರೆ.

“ನಿಮ್ಮನ್ನ ಬಿಟ್ಟುಬಿಟ್ರಾ?”

“ಜನ ಕೈಬಿಟ್ರು. ಮನೇಲಿ ಹೆಂಡತಿ ಒಳಗೆ ಬಿಟ್ಟಿದ್ದೇ ದೊಡ್ಡದು.”

ಆಕೆಯ ಮುಖ ನೋಡಿ ಅವರ ನಗು ನಿಂತಿತು. ಸ್ಟೂಲಿನ ಮೇಲೆ ಕೂತರು. ಗಂಡನಿಗೂ ಹೇಳಿರದ ಅಪ್ಪನ ಕತೆಯನ್ನು ಆಕೆ ಅಂದು ಮೂವರ ಮುಂದೆಯೂ ಹೇಳಿದಳು. ಅತ್ತೆ ಸೂಜಿ ಕೆಳಗಿಟ್ಟು ಸೊಸೆಯ ಬೆನ್ನು ಸವರಿದರು.

ಡಾಕ್ಟರು ಮೆಲ್ಲಗೆ ಹೇಳಿದರು: “ಇಲ್ಲಿ ಸೋತೋರಿಗೆ ಏನೂ ಆಗಲ್ಲಮ್ಮ. ಗೆದ್ದೋರಿಗೆ ಫೋನ್ ಮಾಡಿ ಒಳ್ಳೇದಾಗ್ಲಿ ಅಂದೆ. ಮುಂದಿನ ಸಲ ಮತ್ತೆ ನಿಲ್ತೀನಿ.”

ಮುಂದಿನ ಸಲವೂ ಸೋತರು. ಅದರಾಚೆಯ ಸಲ ಗೆದ್ದರು. ಗೆದ್ದ ಮೇಲೂ ಅವರ ಅಂಗಿಗಳು ಅದೇ ಅಂಗಡಿಗೆ ಬರುತ್ತಿದ್ದವು. ಚರಂಡಿ ಕೆಲಸ ಎಲ್ಲಿಗೆ ಬಂತೆಂದು ಆಕೆ ಕೈಯ ಕೆಲಸ ನಿಲ್ಲಿಸದೆಯೇ ಕೇಳುತ್ತಿದ್ದಳು. “ಮೆಲ್ಲಗೆ ಕೇಳೇ, ಮೆಂಬರ್ರು ಅವರು,” ಎಂದು ಅತ್ತೆ ಪಿಸುಗುಟ್ಟಿದರೆ, “ನಾವೇ ಕಳಿಸಿದೋರಲ್ವಾ ಅತ್ತೆ?” ಎನ್ನುತ್ತಿದ್ದಳು.