ಅಜ್ಜಿ ಬಲಕ್ಕೆ ತಿರುಗಿ ನೋಡಿದ್ದು ಯಾರನ್ನು?

ಮೂವತ್ತೆಂಟನೇ ಸೆಕೆಂಡಿನಲ್ಲಿ ಅಜ್ಜಿ ಅಳು ನಿಲ್ಲಿಸಿ ಬಲಕ್ಕೆ ತಿರುಗುತ್ತಾರೆ. ಬಾಯಿ ತೆರೆದೇ ಇರುತ್ತದೆ. ಕಣ್ಣು ಅಗಲವಾಗುತ್ತದೆ. ಅಲ್ಲಿಗೆ ದೃಶ್ಯ ಮುಗಿಯುತ್ತದೆ.

ಆ ಅಜ್ಜಿ ನೋಡಿದ್ದು ಯಾರನ್ನು?

ಕೊಲೆಗಾರನನ್ನು ಎನ್ನುತ್ತಾರೆ ಅಭಿಮಾನಿಗಳು. ಬಲಗಡೆ ನಿಂತವನು ಇನ್ಸ್‌ಪೆಕ್ಟರ್. ಕೊನೆಗೆ ಕೊಲೆಗಾರ ಅವನೇ ಎಂದು ಗೊತ್ತಾಗುತ್ತದೆ. ಅಂದರೆ ನಿರ್ದೇಶಕರು ಇಂಟರ್ವಲ್‌ಗೂ ಮೊದಲೇ ಉತ್ತರ ಕೊಟ್ಟಿದ್ದರು, ನಾವೇ ದಡ್ಡರು! (ಸಸ್ಪೆನ್ಸ್ ಹಾಳು ಮಾಡಿದಳು ಎಂದು ಬೈಯಬೇಡಿ. ಚಿತ್ರ ಥಿಯೇಟರು ಬಿಟ್ಟು ಮೊಬೈಲಿಗೆ ಬಂದು, ಅಲ್ಲೂ ಹಳತಾಗಿದೆ.) ಆ ಒಂದು ನೋಟಕ್ಕೆ ಕೆಂಪು ವೃತ್ತ ಎಳೆದು, ಬಾಣ ಹಾಕಿ, ಹದಿನೈದು ನಿಮಿಷ ವಿವರಿಸುವ ವಿಡಿಯೋಗಳಿವೆ. ನಿರ್ದೇಶಕರನ್ನು ಕೇಳಿದರೆ ಮುಗುಳ್ನಕ್ಕು, ಕೆಲವನ್ನು ಪ್ರೇಕ್ಷಕರಿಗೇ ಬಿಡಬೇಕು ಎನ್ನುತ್ತಾರೆ. ಜೊತೆಗೆ ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ಅವತ್ತು ಮೈಸೂರಿನಿಂದ ಜೂನಿಯರ್ ಆರ್ಟಿಸ್ಟ್‌ಗಳ ವ್ಯಾನ್ ಬರಲಿಲ್ಲವಂತೆ. ಊರಿನವರನ್ನೇ ಕೂರಿಸಿಕೊಂಡು ಎರಡು ಗಂಟೆ ತರಬೇತಿ ಕೊಟ್ಟು ಆ ಸಾವಿನ ಮನೆಯ ದೃಶ್ಯ ತೆಗೆದರಂತೆ.

ವ್ಯಾನ್ ಬರಲಿಲ್ಲ ಎಂಬುದು ನಿಜ. ಉಳಿದದ್ದೆಲ್ಲ ಸುಳ್ಳು.

ನಿನಗೆ ಹೇಗೆ ಗೊತ್ತು ಎನ್ನುತ್ತೀರಾ? ಆ ಅಜ್ಜಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದವಳು ನಾನು.

(ಚಿತ್ರದ ಹೆಸರು ಬರೆಯುವುದಿಲ್ಲ. ಈ ಅಂಕಣದ ದೆಸೆಯಿಂದ ಅದಕ್ಕೆ ಒಂದೇ ಒಂದು ವೋಟು ಹೆಚ್ಚು ಬಿದ್ದರೂ ನನಗೆ ಊಟ ಸೇರುವುದಿಲ್ಲ.)

ವೋಟಿನ ವಿಷಯ ಎದ್ದದ್ದು ಕಳೆದ ಭಾನುವಾರ, ಇಲ್ಲಿ ಕೊಡಗಿನ ಅಮ್ಮತ್ತಿಯ ಬೇಕರಿಯಲ್ಲಿ. ಪಪ್ಸ್ ಬಾಯಿಗಿಡುವಷ್ಟರಲ್ಲಿ ಜೀವನ್ ಬಂದು ಎದುರು ಕೂತ. ಜೀವನ್ ನನ್ನ ಕಾಲೇಜಿನ ಸಹಪಾಠಿ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತ ಕುಟುಂಬದವನು, ಅಮ್ಮತ್ತಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅದು ಹೊಟ್ಟೆಪಾಡು. ಅವನ ನಿಜವಾದ ಉದ್ಯೋಗ ಆ ಚಿತ್ರದ ಹೀರೋನ ಅಭಿಮಾನಿ ಸಂಘದ ಅಧ್ಯಕ್ಷಗಿರಿ.

"ಫೋನ್ ಕೊಡೇ ಇಲ್ಲಿ."

"ಯಾಕೆ?"

"ವೋಟ್ ಹಾಕಕ್ಕೆ. ಟಿವಿ ಚಾನೆಲ್ ಅವಾರ್ಡಲ್ಲಿ ನಮ್ಮ ಅಜ್ಜಿ ಸೀನು ಫೈನಲ್‌ಗೆ ಬಂದೈತೆ. ವರ್ಷದ ಮನ ಕಲಕಿದ ದೃಶ್ಯ! ಆ ಕಡೆ ಕರಾವಳಿ ಪಿಕ್ಚರ್‌ನವ್ರ ದೋಣಿ ಸೀನು. ಅವ್ರು ಮುಂದವ್ರೆ ಕಣೇ. ಇನ್ನು ನಾಕೇ ದಿನ. ನಿಮ್ಮಪ್ಪಂದು, ಅಮ್ಮಂದು ಫೋನೂ ತಗೊಂಬಾ."

ಗಲ್ಲಾದಲ್ಲಿದ್ದ ಬೇಕರಿಯ ಮಲಯಾಳಿ ಯಜಮಾನರು, ನಮ್ಮೆಲ್ಲರ ಇಕ್ಕ, ಕೂಡ ದನಿಗೂಡಿಸಿದರು. "ಆ ಅಜ್ಜಿಗೆ ಕೊಡಲೇಬೇಕು ಮೋಳೇ. ಎಂಥ ಆಕ್ಟಿಂಗ್! ನನ್ನ ಹೆಂಡತಿ ಮೂರು ಸಲ ನೋಡಿ ಮೂರು ಸಲವೂ ಅತ್ತಿದ್ದಾಳೆ."

"ಕೇಳ್ದಾ?" ಎಂದ ಜೀವನ್. "ಹೇಳು ಡಿಬೇಟ್ ರಾಣಿ, ಅಜ್ಜಿ ನೋಡಿದ್ದು ಇನ್ಸ್‌ಪೆಕ್ಟರ್‌ನ ತಾನೆ?"

"ಅಲ್ಲ. ಅವರ ಅಣ್ಣನನ್ನು."

"ಯಾವಣ್ಣ? ಪಿಕ್ಚರಲ್ಲಿ ಅಣ್ಣ ಎಲ್ಲವ್ನೆ?"

"ಪಿಕ್ಚರಲ್ಲಿಲ್ಲ. ಕ್ಯಾಮರಾ ಹಿಂದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಕಾಫಿ ಕುಡೀತಿದ್ರು."

ಪಪ್ಸ್ ತಣ್ಣಗಾಯಿತು. ನಾನು ಹೇಳತೊಡಗಿದೆ. ಈಗ ನಿಮಗೂ ಹೇಳುತ್ತೇನೆ.

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು. ಸಾವಾದರೆ ಒಂದರ ಹಿಂದೊಂದು ಎರಡು. ಎರಡು ಕೇಳಿತೆಂದರೆ ಸುತ್ತಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು, ಬಿಳಿ ಬಟ್ಟೆ ಉಟ್ಟು ಆ ಮನೆಗೆ ನಡೆಯುತ್ತಾರೆ. ಕರೆಯಬೇಕಾಗಿಲ್ಲ. ಕರೆದೇ ಆಯಿತಲ್ಲ?

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಎರಡು ಗುಂಡು ಕೇಳಿತು. ನಮ್ಮ ಬೇಲಿಯಾಚೆ ಮನೆಯ ದೇಚಮ್ಮಜ್ಜಿ ಕೋಳಿಗೆ ಅಕ್ಕಿ ಹಾಕುತ್ತಿದ್ದವರು ನಿಂತಲ್ಲೇ ನಿಂತರು. ಸದ್ದು ಬಂದದ್ದು ಅವರ ಅಣ್ಣ ಮೊಣ್ಣಪ್ಪಜ್ಜನ ಮನೆ ಕಡೆಯಿಂದ. ಮೊಣ್ಣಪ್ಪಜ್ಜ ಎದೆನೋವಿಗೆ ಮೈಸೂರಿನ ಆಸ್ಪತ್ರೆ ಸೇರಿ, ವಾಪಸ್ ಬಂದು ಹತ್ತು ದಿನವಾಗಿತ್ತಷ್ಟೆ. ಆ ಮನೆಯಲ್ಲಿ ಸಿನಿಮಾ ಶೂಟಿಂಗ್ ನಡೆಯುತ್ತಿರುವುದು ನಮಗೆಲ್ಲ ಗೊತ್ತಿತ್ತು. ಆದರೆ ಎರಡು ಗುಂಡು ಕೇಳಿದಾಗ ಇಲ್ಲಿ ಯಾರಿಗೂ ಸಿನಿಮಾ ನೆನಪಾಗುವುದಿಲ್ಲ.

(ಫೋನ್ ಮಾಡಬಹುದಿತ್ತಲ್ಲ ಎನ್ನುವವರಿಗೆ: ಮಾಡಿದೆ. ಮೂರು ಸಲ. ಶೂಟಿಂಗ್ ಎಂದು ಆ ಮನೆಯವರ ಫೋನೆಲ್ಲ ಆಫ್ ಮಾಡಿಸಿದ್ದರು.)

ಅಜ್ಜಿ ಬಿಳಿ ಸೀರೆ ಉಟ್ಟು ಬಂದರು. ದಾರಿಯುದ್ದಕ್ಕೂ ನನ್ನ ಹೆಗಲು ಹಿಡಿದಿದ್ದರು. ನಮ್ಮ ಹಿಂದೆ, ಮುಂದೆ ಜೀಪಿನಲ್ಲಿ, ಬೈಕಿನಲ್ಲಿ ಬಿಳಿ ಬಟ್ಟೆಯ ಜನ. ಗೇಟಿನಲ್ಲಿ ಸಿನಿಮಾದವರು ಕಾವಲಿದ್ದರು. ಮೂರು ದಿನದಿಂದ ಒಂದು ನೊಣವನ್ನೂ ಒಳಗೆ ಬಿಡದವರು ಅಂದು ಪಕ್ಕಕ್ಕೆ ಸರಿದು ನಮಗೆ ದಾರಿ ಕೊಟ್ಟರು. ಇದನ್ನು ನೆನಪಿಡಿ.

ಅಂಗಳದಲ್ಲಿ ಚಾಪೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ದೇಹ, ತಲೆಯ ಬಳಿ ದೀಪ. ಗುಂಡಿನ ದೃಶ್ಯ ಮುಗಿಸಿ ಮುಂದಿನ ದೃಶ್ಯಕ್ಕೆ ಅಣಿ ಮಾಡಿಟ್ಟಿದ್ದರು. ಬರಬೇಕಾದ ವ್ಯಾನ್ ಮಾತ್ರ ಬಂದಿರಲಿಲ್ಲ. ನಾವು ಬಂದಿದ್ದೆವು.

ಸ್ಕೂಟರ್ ಸ್ಟ್ಯಾಂಡ್ ಹಾಕಿ ತಲೆಯೆತ್ತಿದಾಗ ನನಗೆ ಲೈಟು, ಕ್ಯಾಮರಾ, ಹೆಡ್‌ಫೋನ್ ಹಾಕಿದವರು ಎಲ್ಲ ಕಂಡವು. ಅಜ್ಜಿಗೆ ಆ ಬಿಳಿ ಬಟ್ಟೆಯೊಂದೇ ಕಂಡಿತ್ತು. ಆಗಲೇ ಅದರ ಮೇಲೆ ಬಿದ್ದು ಅಳುತ್ತಿದ್ದರು. ಬಟ್ಟೆಯ ಕೆಳಗಿದ್ದ ನಟ ಅಲ್ಲಾಡಲಿಲ್ಲ. ಯಾಕೆ ಅಲ್ಲಾಡಬೇಕು? ಕಟ್ ಎಂದು ಯಾರೂ ಹೇಳಿರಲಿಲ್ಲ.

ಕ್ಯಾಮರಾದ ಹಿಂದೆ, ಅಜ್ಜಿಯ ಬಲಕ್ಕಿದ್ದ ಮೊಣ್ಣಪ್ಪಜ್ಜ ಕುರ್ಚಿಯಿಂದ ಎದ್ದು, "ದೇಚೂ!" ಎಂದರು. ಹೆಡ್‌ಫೋನಿನವನೊಬ್ಬ ತುಟಿಯ ಮೇಲೆ ಬೆರಳಿಟ್ಟ. "ಶ್! ಸೈಲೆನ್ಸ್ ಪ್ಲೀಸ್ ಅಜ್ಜಾ." ಬದುಕಿರುವ ಮನುಷ್ಯನಿಗೆ, ಅವನದೇ ಅಂಗಳದಲ್ಲಿ, ಅವನ ಸಾವು ಸರಿಯಾಗಿ ನಡೆಯಲಿ ಎಂದು, ಸುಮ್ಮನಿರಲು ಹೇಳಿದರು! ಅಜ್ಜ ಕೇಳಲಿಲ್ಲ. ಇನ್ನೊಮ್ಮೆ ಕೂಗಿದರು. ಆಗ ಅಜ್ಜಿ ಬಲಕ್ಕೆ ತಿರುಗಿದರು.

ನೀವು ನೋಡಿದ್ದು ಅದನ್ನೇ. ಸತ್ತ ಅಣ್ಣ ಎದ್ದು ನಿಂತು ಕರೆಯುವುದನ್ನು ಕಂಡ ತಂಗಿಯ ಮುಖ. ಅಜ್ಜನ ಕೂಗನ್ನು ಡಬ್ಬಿಂಗಿನಲ್ಲಿ ಅಳಿಸಿ, ಪಿಟೀಲು ಹಾಕಿದ್ದಾರೆ.

ಯೂನಿಟ್‌ನವರು ಚಪ್ಪಾಳೆ ತಟ್ಟಿದರು. ಅಜ್ಜಿ ಕಣ್ಣೊರೆಸಿಕೊಂಡು ನೇರ ನಿರ್ದೇಶಕರ ಹತ್ತಿರ ಹೋಗಿ ಹೇಳಿದ್ದು ಒಂದೇ ಮಾತು. "ಇದನ್ನು ಹಾಕಬೇಡಿ ಮಗಾ." ನಿರ್ದೇಶಕರು ಅವರ ಕೈ ಹಿಡಿದು, "ಆಯ್ತು ಅಜ್ಜಿ, ಹಾಕಲ್ಲ" ಎಂದರು. ನಾನು ಪಕ್ಕದಲ್ಲೇ ಇದ್ದೆ. ಪಕ್ಕದಲ್ಲಿದ್ದೂ ಆ ಮೂವತ್ತೆಂಟು ಸೆಕೆಂಡು ಬಾಯಿ ಬಿಡದವಳು ನಾನೂ ಹೌದು.

ಊರಿನವರು ಇಷ್ಟು ದಿನ ಯಾಕೆ ಸುಮ್ಮನಿದ್ದರು? ಬದುಕಿರುವವರ ಮನೆಗೆ ಬಿಳಿ ಬಟ್ಟೆಯಲ್ಲಿ ಹೋಗಿ ನಿಂತೆವು ಎಂದು ಯಾರು ಹೇಳಿಕೊಂಡು ತಿರುಗುತ್ತಾರೆ? ನಗೆಪಾಟಲು ಒಂದು ಕಡೆ, ಅಪಶಕುನ ಇನ್ನೊಂದು ಕಡೆ. ಯಾರೂ ಮಾತಾಡಿಕೊಳ್ಳದೆಯೇ ಎಲ್ಲರೂ ಮಾತು ನಿಲ್ಲಿಸಿದರು. ಆ ಮೌನದ ಮೇಲೆ ನಿರ್ದೇಶಕರು ಎರಡು ಗಂಟೆಯ ತರಬೇತಿ ಕಟ್ಟಿಕೊಂಡರು.

ಜೀವನ್ ಎಲ್ಲ ಕೇಳಿದ. ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟ. ನಾಚಿಕೊಂಡನೇನೋ ಅಂದುಕೊಂಡೆ.

"ಲೇ," ಎಂದ, ಕಣ್ಣು ಅರಳಿಸಿ. "ಇದು ಇನ್ನೂ ಸೂಪರ್ ಕಣೇ! ಒರಿಜಿನಲ್ ಅಳು! ಇದನ್ನ ಒಂದು ರೀಲ್ ಮಾಡಿ ಬಿಟ್ರೆ ಕರಾವಳಿಯವ್ರು ಮಕಾಡೆ!"

ಕಾಲೇಜಿನ ಡಿಬೇಟ್‌ಗಳಲ್ಲಿ ನಾನು ಎಷ್ಟೋ ಎದುರಾಳಿಗಳನ್ನು ಕಂಡಿದ್ದೇನೆ. ನಾನು ಹಾಕಿದ ಆರೋಪವನ್ನೇ ಹಾರ ಮಾಡಿ ಕೊರಳಿಗೆ ಹಾಕಿಕೊಂಡವನು ಇವನೊಬ್ಬನೇ.

"ಅದು ಅವರ ದುಃಖ ಕಣೋ. ಕೇಳದೆ ತಗೊಂಡಿದ್ದಾರೆ. ಬೇಡ ಅಂದ ಮೇಲೂ ಹಾಕಿದ್ದಾರೆ."

"ಯಾರಿಗೇನಾಯ್ತು ಹೇಳು? ಅಜ್ಜ ಗಟ್ಟಿಯಾಗವ್ರೆ. ಅಜ್ಜಿ ಫೇಮಸ್ ಆದ್ರು. ಊರಿಗೆ ಹೆಸರು ಬಂತು. ಲಾಸ್ ಯಾರಿಗೆ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದನ್ನು ಹೇಳಬೇಕಾದವಳು ನಾನಲ್ಲ ಎನಿಸಿತು. ಬಿಲ್ ಕೊಟ್ಟು ಎದ್ದೆ.

ಸಂಜೆ ದೇಚಮ್ಮಜ್ಜಿ ಜಗಲಿಯಲ್ಲಿ ಮೊರದ ತುಂಬ ಒಳ್ಳೆಮೆಣಸಿನ ಕಾಳು ಹರಡಿಕೊಂಡು ಕಡ್ಡಿ ಆರಿಸುತ್ತಿದ್ದರು. ಪಕ್ಕದ ಬೆಂಚಿನಲ್ಲಿ ಮೊಣ್ಣಪ್ಪಜ್ಜ. ಈಗೀಗ ಅವರೇ ಇಲ್ಲಿಗೆ ಬರುವುದು. ಆ ದಿನದ ನಂತರ ತಂಗಿ ಅಣ್ಣನ ಮನೆಯ ಅಂಗಳ ತುಳಿದಿಲ್ಲ. ಎರಡು ಹುತ್ತರಿ ಹಬ್ಬ ಹಾಗೇ ಕಳೆಯಿತು.

"ನನಗೆ ಎಷ್ಟು ವೋಟ್ ಬಿತ್ತು?" ಎಂದರು ಅಜ್ಜ, ನನ್ನನ್ನು ನೋಡಿದ ತಕ್ಷಣ. ಅವರಿಗೆ ಇದೆಲ್ಲ ದೊಡ್ಡ ತಮಾಷೆ. "ನಾನು ಹೋದ ಮೇಲೆ ಯಾರೆಲ್ಲ ಬರ್ತಾರೆ ಅಂತ ನೋಡಿ ಆಯ್ತು ನೋಡು. ಇಬ್ಬರು ಬರಲಿಲ್ಲ. ಅವರ ಮನೆಯದಕ್ಕೆ ನಾನೂ ಹೋಗುವುದಿಲ್ಲ."

ಅಜ್ಜಿ ನಗಲಿಲ್ಲ. ಟಿವಿಯವರು ಫೋನ್ ಮಾಡಿದ್ದರಂತೆ. ಎಸಿ ಕಾರು ಕಳಿಸುತ್ತೇವೆ, ಬೆಂಗಳೂರಿಗೆ ಬನ್ನಿ, ವೇದಿಕೆಯ ಮೇಲೆ ಒಂದು ಸಲ ಹಾಗೇ ಅತ್ತು ತೋರಿಸಿ, ಸಾಕು, ಎಂದರಂತೆ.

"ಒಬ್ಬ ಅಣ್ಣನಿಗೆ ನಾನು ಎಷ್ಟು ಸಲ ಅಳಬೇಕು ಕುಂಞಿ?" ಎಂದರು. ಅವರಿಗೆ ನಾನು ಇನ್ನೂ ಮಗುವೇ, ಕುಂಞಿಯೇ. "ಇದ್ದದ್ದೆಲ್ಲ ಆವತ್ತೇ ಅತ್ತಾಯ್ತು. ನಾಳೆ ಇವನು ನಿಜವಾಗಿ ಹೋದರೆ ನಾನು ಎಂಥ ಮಾಡುವುದು? ಅತ್ತರೆ, ನೋಡು ಸಿನಿಮಾದಲ್ಲಿ ಮಾಡಿದ ಹಾಗೇ ಮಾಡ್ತಾಳೆ ಅಂತ ಜನ ಹೇಳುವುದಿಲ್ಲವಾ? ಮೊಬೈಲ್ ಹಿಡಿಯುವುದಿಲ್ಲವಾ?"

ಜೀವನ್ ಕೇಳಿದ ಲಾಸ್ ಇದು.

ಅಜ್ಜನ ಮುಖದ ನಗು ಸಣ್ಣದಾಯಿತು. "ನಾನು ಅವರಿಗೆ ಮೊದಲೇ ಹೇಳಿದ್ದೆ," ಎಂದರು. "ಒಂದು ಹೊಡೀರಿ, ಮೂರು ಹೊಡೀರಿ, ಎರಡು ಮಾತ್ರ ಬೇಡ ಅಂತ."

ಮೊರದ ಮೇಲಿನ ಕೈ ನಿಂತಿತು. "ಯಾರಿಗೆ ಹೇಳಿದ್ದೆ?"

"ಆ ಡೈರೆಕ್ಟರಿಗೇ. ಹೆಣದ ಮೇಲೆ ಎರಡೇ ಗಾಯ ತೋರಿಸಿ ಆಗಿದೆ ಅಜ್ಜಾ, ಈಗ ಬದಲಿಸ್ಲಿಕ್ಕೆ ಆಗುವುದಿಲ್ಲ ಅಂದ. ಸುತ್ತಲಿನ ಮನೆಗಳಿಗೆಲ್ಲ ಜನ ಕಳಿಸಿ ತಿಳಿಸ್ತೇವೆ ಅಂದ. ಕಳಿಸಿರಬೇಕು ಅಂತ ನಾನು ಕೂತಿದ್ದೆ."

ನಮ್ಮ ಮನೆಗೆ ಯಾರೂ ಬಂದಿರಲಿಲ್ಲ. ದೇಚಮ್ಮಜ್ಜಿಯ ಮನೆಗೂ ಬಂದಿರಲಿಲ್ಲ. ಎರಡು ವರ್ಷದಿಂದ ನಾನು ನಿರ್ದೇಶಕರಿಗೆ ಸಂಶಯದ ಲಾಭ ಕೊಟ್ಟುಕೊಂಡು ಬಂದಿದ್ದೆ: ಪಾಪ, ಹೊರಗಿನವರು, ಎರಡು ಗುಂಡಿನ ಅರ್ಥ ಅವರಿಗೇನು ಗೊತ್ತು? ಗೊತ್ತಿತ್ತು. ಬಿಳಿ ಬಟ್ಟೆಯವರು ಯಾಕೆ ಬರುತ್ತಿದ್ದಾರೆಂದೂ ಗೊತ್ತಿತ್ತು. ಗೇಟು ತೆರೆದದ್ದು ಅದಕ್ಕೇ ಅಲ್ಲವೇ?

ಅಜ್ಜಿ ಅಣ್ಣನನ್ನು ಬೈಯಲಿಲ್ಲ. ಮೊರ ಪಕ್ಕಕ್ಕಿಟ್ಟು ನನ್ನತ್ತ ತಿರುಗಿದರು.

"ನೀನು ಪೇಪರಿಗೆ ಬರೀತೀಯಲ್ಲ. ಬರಿ. ನಾನು ಆಕ್ಟಿಂಗ್ ಮಾಡಲಿಲ್ಲ ಅಂತ ಬರಿ. ನನ್ನ ಹೆಸರೇ ಹಾಕು."

ಹಾಕಿದ್ದೇನೆ.

ಮರುದಿನ ಜೀವನ್‌ಗೆ ಅಜ್ಜಿಯ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದೆ. ಅವನು ರೀಲ್ ಮಾಡಲಿಲ್ಲ. "ಹಾಕಿರೋ ವೋಟ್ ವಾಪಸ್ ತಗಳಕ್ಕೆ ಆಪ್ಷನ್ನೇ ಇಲ್ವಲ್ಲೇ ಇದ್ರಲ್ಲಿ" ಎಂದು ಫೋನನ್ನು ಹಿಂದೆ ಮುಂದೆ ತಿರುಗಿಸಿ ಹುಡುಕಿದ. ಪಾಪ, ಅನಿಸಿದ್ದು ಸುಳ್ಳಲ್ಲ. ಸಂಘದ ಗ್ರೂಪಿನಲ್ಲಿ ವಿಷಯ ಹಾಕಿದ್ದಕ್ಕೆ ಅವನನ್ನೇ ಕರಾವಳಿಯವರ ಏಜೆಂಟ್ ಎಂದರಂತೆ.

ನಿರ್ದೇಶಕರಿಗೆ ನಾನು ವಾಟ್ಸಾಪಿನಲ್ಲಿ ಒಂದು ಪ್ರಶ್ನೆ ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಉತ್ತರ ಬಂದಿಲ್ಲ. ನಾಳಿದ್ದು ಪ್ರಶಸ್ತಿ ಸಮಾರಂಭ. ವೇದಿಕೆ ಹತ್ತುವ ಮೊದಲು ಅವರ ಕಣ್ಣಿಗೆ ಬೀಳಲಿ ಎಂದು ಅದನ್ನೇ ಇಲ್ಲಿ ಇನ್ನೊಮ್ಮೆ ಕೇಳುತ್ತಿದ್ದೇನೆ.

ಸರ್, ಅಜ್ಜಿ ಬಲಕ್ಕೆ ತಿರುಗಿ ನೋಡಿದ್ದು ಯಾರನ್ನೆಂದು ಈಗ ಎಲ್ಲರಿಗೂ ಗೊತ್ತಾಯಿತು. ಕ್ಯಾಮರಾದ ಹಿಂದೆ ನಿಂತು ಅವರನ್ನೇ ನೋಡುತ್ತಿದ್ದ ನಿಮಗೆ, ಇದು ನಟನೆಯಲ್ಲ ಎಂದು ಗೊತ್ತಾದದ್ದು ಎಷ್ಟನೇ ಸೆಕೆಂಡಿನಲ್ಲಿ?