ಇಂಜಿನ್ ನಿಂತ ಮೇಲೆ

ಆ ದಿನದ ಡೈರಿಯ ಪುಟದಲ್ಲಿ ನಾಲ್ಕು ಅಂಕಿಗಳಿವೆ. ಐದನೆಯದು ಅರ್ಧಕ್ಕೆ ನಿಂತು, ಪೆನ್ನಿನ ಗೆರೆ ಹಾಳೆಯ ಅಂಚಿನವರೆಗೆ ಜಾರಿದೆ. ಅದರ ಕೆಳಗೆ, ಅದೇ ಸಂಜೆ ಬೇರೆ ಶಾಯಿಯಲ್ಲಿ ಬರೆದ ಒಂದು ವಾಕ್ಯ: ‘ಮಿಸ್ತ್ರಿಯವರು ನನ್ನನ್ನು ಕೇಳದೆ ಕೈ ಹಾಕಿದರು.’ ಅಕ್ಷರ ನನ್ನದೇ, ಸಂಶಯವಿಲ್ಲ. ವಾಕ್ಯದ ಬಗ್ಗೆ ಮಾತ್ರ ನನಗೆ ಸಂಶಯವಿದೆ.

ಎರಡನೆಯ ಮಹಾಯುದ್ಧ ಮುಗಿದು ಒಂದು ವರ್ಷವಾಗಿರಬೇಕು. ಪುಣೆಯಲ್ಲಿ ಭೌತಶಾಸ್ತ್ರ ಓದಿ ಬಂದು ಹಾನಗಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಊರಲ್ಲಿ ಆಗ ಬೀಡುಬಿಟ್ಟಿದ್ದ ನಾಟಕದ ಕಂಪನಿಯ ವಾದ್ಯಗಾರನೊಬ್ಬ ಮುಂಬಯಿಯಿಂದ ಗಿಟಾರು ತಂದಿದ್ದ. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದ. ಹಿಂದಿನ ಸಾಲಿನವರಿಗೆ ಅವನ ಕೈ ಆಡುವುದು ಕಾಣುತ್ತಿತ್ತು, ನಾದ ಕೇಳುತ್ತಿರಲಿಲ್ಲ. ಅದನ್ನು ದೊಡ್ಡದು ಮಾಡುವ, ರೇಡಿಯೋದಲ್ಲಿರುವಂಥ ಗಾಜಿನ ವಾಲ್ವಿನ ಆಂಪ್ಲಿಫೈಯರನ್ನು ನಾನು ಕಟ್ಟಿಕೊಡುತ್ತೇನೆಂದು ಒಪ್ಪಿಕೊಂಡೆ. ಯುದ್ಧದ ದಾಸ್ತಾನಿನ ವಾಲ್ವುಗಳೂ ಒಂದು ಹಳೆಯ ಮೀಟರೂ ನನ್ನಲ್ಲಿದ್ದವು. ಕೈ ಕೆಲಸ ಬಲ್ಲವರೊಬ್ಬರು ಬೇಕಾಗಿತ್ತು. ಹಾಗೆ ಸವಣೂರಿನ ಮಿಸ್ತ್ರಿಯವರ ಮನೆಗೆ ಹೋದೆ.

ಅವರದು ಹಾರ್ಮೋನಿಯಂ ರಿಪೇರಿ. ಜನ ಅದನ್ನು ಪೇಟಿ ಎನ್ನುತ್ತಿದ್ದರು. ಶಿಗ್ಗಾಂವಿ, ಬಂಕಾಪುರದಿಂದೆಲ್ಲ ಅವರಲ್ಲಿಗೆ ಪೇಟಿಗಳು ಬರುತ್ತಿದ್ದವು. ಪೇಟಿಯೊಳಗಿನ ಹಿತ್ತಾಳೆಯ ತೆಳು ನಾಲಗೆಯನ್ನು ಒಂದು ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆದು ಸ್ವರ ಕೂಡಿಸುತ್ತಿದ್ದರು. ಎಷ್ಟು ಕೆರೆಯಬೇಕೆಂಬುದು ಅವರ ಬಲಗೈಯ ಎರಡು ಬೆರಳುಗಳಿಗೆ ಗೊತ್ತಿತ್ತು. ಆ ಬೆರಳುಗಳ ಮೇಲೆ ಅವರ ಮನೆ ನಡೆಯುತ್ತಿತ್ತು.

ತಗಡು ಬಗ್ಗಿಸಿ, ತೂತು ಕೊರೆದು, ತಂತಿಗಳನ್ನು ನಾನು ತೋರಿಸಿದ ಹಾಗೆ ಬೆಸೆದು, ಎರಡು ತಿಂಗಳಲ್ಲಿ ಅವರು ಎಲ್ಲವನ್ನೂ ಮುಗಿಸಿದರು. ಪರೀಕ್ಷೆಯ ನಿಯಮಗಳನ್ನು ನಾನು ಮೊದಲೇ ಹೇಳಿಕೊಟ್ಟಿದ್ದೆ. ಒಣ ಹಲಗೆಯ ಮೇಲೆ ನಿಲ್ಲಬೇಕು, ಕಾಲಲ್ಲಿ ಟೈರಿನ ಚಪ್ಪಲಿ ಇರಬೇಕು. ಮೀಟರಿನ ಒಂದು ತಂತಿಯನ್ನು ತಗಡಿಗೆ ಚಿಮಟದಿಂದ ಕಚ್ಚಿಸಿಬಿಟ್ಟು, ಇನ್ನೊಂದನ್ನು ಮಾತ್ರ ಬಲಗೈಯಲ್ಲಿ ಹಿಡಿಯಬೇಕು. ಎಡಗೈ ಜೇಬಿನಲ್ಲಿ.

“ಏನ್ರಿ ಮಾಸ್ತರ್ರ, ನಾ ಏನ್ ಪೋಟೋ ತಗಸಾಕ ನಿಂತೇನೇನ್ರಿ?” ಎಂದು ಅವರು ಜೇಬಿನಲ್ಲಿ ಕೈ ಇಟ್ಟು ಎದೆ ಸೆಟೆಸಿ ನಿಂತು ತೋರಿಸಿದರು. “ಪೇಟಿ ಕೆಲಸದಾಗ ಎಡಗೈಲೆ ಡಬ್ಬಿ ಹಿಡಕೊಳ್ಳಲಿಲ್ಲಂದ್ರ ಬಲಗೈಗೆ ಕಣ್ಣ ಕಾಣಂಗಿಲ್ರಿ.”

“ಎರಡೂ ಕೈ ಹಚ್ಚಿದ್ರ ಕರೆಂಟು ಒಂದು ಕೈಯಾಗಿಂದ ಹೊಕ್ಕು ಎದಿ ದಾಟಿ ಹೋಗತೈತಿ, ಮಿಸ್ತ್ರಿ.”

“ಹಂಗಾರ ಇರ್ಲಿ ಬಿಡ್ರಿ, ಜೇಬಿನ್ಯಾಗ ಇರ್ಲಿ. ಹೆಂಗೂ ಅದು ಖಾಲೀನ ಐತಿ.”

ಇನ್ನೊಂದು ನಿಯಮವಿತ್ತು. ಕಂಡೆನ್ಸರ್ ಎಂಬ ಡಬ್ಬಿ ಕರೆಂಟನ್ನು ಕೊಡದಲ್ಲಿ ನೀರಿನಂತೆ ತುಂಬಿಟ್ಟುಕೊಳ್ಳುತ್ತದೆ. ಸ್ವಿಚ್ಚು ಆರಿಸಿದರೂ ಅದರೊಳಗೆ ಉಳಿದೇ ಇರುತ್ತದೆ. ಒಂದರ ಹಿಂದೊಂದು ಎರಡು ಬಲ್ಬು ಕೂಡಿಸಿ, ತುದಿಗೆ ತಂತಿ ಕಟ್ಟಿ ಇಟ್ಟಿದ್ದೆ. ಅದನ್ನು ಮುಟ್ಟಿಸಿ ಡಬ್ಬಿ ಖಾಲಿ ಮಾಡಿ, ಮೀಟರಿನ ಮುಳ್ಳು ಸೊನ್ನೆಗೆ ಇಳಿದದ್ದನ್ನು ನೋಡಿದ ಮೇಲೆಯೇ ಕೈ ಹಾಕಬೇಕು. ಇದನ್ನೂ ಹೇಳಿದ್ದೆ. ಇದು ಡೈರಿಯಲ್ಲಿದೆ, ಎರಡು ಸಲ ಇದೆ.

ಸವಣೂರಿನಲ್ಲಿ ಆಗ ಕರೆಂಟಿರಲಿಲ್ಲ. ಹಿರೇಕೆರೂರಿನ ಅರಳೆ ಕಾರ್ಖಾನೆಯಲ್ಲಿ ಎಣ್ಣೆಯ ಇಂಜಿನ್ನಿಗೆ ಜೋಡಿಸಿದ ಒಂದು ಯಂತ್ರ ದೀಪಗಳಿಗೆ ಕರೆಂಟು ಕೊಡುತ್ತಿತ್ತು. ಇದ್ದಿಲಿನಿಂದ ಓಡುವ ಬಸ್ಸಿನಲ್ಲಿ ಆಂಪ್ಲಿಫೈಯರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿಗೆ ಹೋದೆವು. ಅಲ್ಲಿಯವರಿಗೆ ಕರೆಂಟೆಂದರೆ ಇಂಜಿನ್ನಿನ ಸದ್ದು. ಧಡ್ ಧಡ್ ಎನ್ನುತ್ತಿದ್ದರೆ ದೀಪ ಇದೆ, ನಿಂತರೆ ಇಲ್ಲ. ಅರ್ಧ ದಿನ ಅಲ್ಲಿ ಕುಳಿತ ಮೇಲೆ ನನ್ನ ಕಿವಿಯೂ ಅದನ್ನೇ ಕಲಿತುಕೊಂಡಿತ್ತು. ಪುಣೆಯಲ್ಲಿ ನಾಲ್ಕು ವರ್ಷ ಓದಿದ್ದು ಅದಕ್ಕೆ ಅಡ್ಡ ಬರಲಿಲ್ಲ.

ಮೊದಲು ವಾಲ್ವುಗಳಿಲ್ಲದೆ ಅಳೆದೆ. ಆಮೇಲೆ ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ವಾಲ್ವೊಂದನ್ನೇ ಹಾಕಿದೆ. ಉಳಿದವು ಇನ್ನೂ ಅರಿವೆಯಲ್ಲಿ ಸುತ್ತಿಟ್ಟ ಹಾಗೇ ಇದ್ದವು; ಕಂಡೆನ್ಸರಿನಲ್ಲಿ ತುಂಬಿದ ಕರೆಂಟನ್ನು ಕುಡಿದು ಖಾಲಿ ಮಾಡುವ ವಾಲ್ವು ಯಾವುದೂ ಇರಲಿಲ್ಲ. ಮುಳ್ಳು ನಾನೂರು ವೋಲ್ಟು ದಾಟಿತು. ಓದಿಕೊಂಡು, ತಂತಿ ಕೆಳಗಿಟ್ಟು, ಬರೆಯಲು ಡೈರಿಯ ಕಡೆ ತಿರುಗಿದೆ. ಆಗ ಇಂಜಿನ್ ನಿಂತಿತು. ಊಟದ ಹೊತ್ತಾಗಿತ್ತು, ನಿಲ್ಲಿಸಿದ್ದರು. ತಲೆಯ ಮೇಲಿನ ದೀಪ ಆರಿತು. ಇಡೀ ಕಾರ್ಖಾನೆ ಸುಮ್ಮನಾಯಿತು.

“ಮಾಸ್ತರ್ರ, ಇಲ್ಲೊಂದು ತಂತಿ ಅಲ್ಲಾಡಾಕತ್ತೈತಿ. ಹಿಡಿಲೇನ್ರಿ?”

ಈ ಮಾತು ನನಗೆ ಕೇಳಿಸುತ್ತದೆ. ಅದರ ಹಿಂದೆಯೇ ತಲೆಯೆತ್ತದೆ ಬರೆಯುತ್ತಿರುವ ನನ್ನ ದನಿಯೂ ಕೇಳಿಸುತ್ತದೆ: “ಇಂಜಿನ್ ನಿಂತೈತಲ್ರಿ, ಹಿಡೀರಿ.” ಇದು ಆ ಕ್ಷಣದ ದನಿಯೋ, ಆಮೇಲೆ ನಿದ್ದೆ ಬಾರದ ದಿನಗಳಲ್ಲಿ ನಾನೇ ಕಟ್ಟಿಕೊಂಡದ್ದೋ? ಅಪರಾಧಿ ಎನಿಸಿಕೊಳ್ಳುವುದರಲ್ಲೂ ಒಂದು ಬಗೆಯ ಹೆಚ್ಚುಗಾರಿಕೆ ಇರುತ್ತದೆ. ಅದಕ್ಕಾಗಿಯೂ ಮನಸ್ಸು ಸುಳ್ಳು ಹೇಳಬಹುದು.

ಮಿಸ್ತ್ರಿಯವರ ಎಡಗೈ ಜೇಬಿನಿಂದ ಹೊರಬಂದು ತಗಡಿನ ಅಂಚನ್ನು ಹಿಡಿದುಕೊಂಡಿತ್ತು, ಪೇಟಿಯ ಡಬ್ಬಿಯನ್ನು ಹಿಡಿಯುವ ಹಾಗೆ. ಬಲಗೈ ಒಳಗೆ ಹೋಯಿತು. ಹಲಗೆಯೂ ಚಪ್ಪಲಿಯೂ ಉಪಯೋಗಕ್ಕೆ ಬರಲಿಲ್ಲ. ಕಂಡೆನ್ಸರಿನಲ್ಲಿ ಉಳಿದಿದ್ದ ಕರೆಂಟಿಗೆ ನೆಲ ಬೇಕಾಗಿರಲಿಲ್ಲ, ಇನ್ನೊಂದು ಕೈ ಇತ್ತು. ಅವರು ಕೂಗಲೂ ಇಲ್ಲ. ಅರಳೆ ಮೂಟೆಯ ಮೇಲೆ ಬಿದ್ದರು, ಅದು ಅದೃಷ್ಟ. ಮುಖಕ್ಕೆ ನೀರು ಹಾಕಿದಾಗ ಕಣ್ಣು ಬಿಟ್ಟು, “ಸ್ವರ ಭಾರೀ ಜೋರೈತ್ರಿ” ಎಂದರು. ಎರಡು ಬೆರಳ ತುದಿ ಬೆಳ್ಳಗೆ ಸುಟ್ಟಿತ್ತು. ಅರ ಹಿಡಿಯುವ ಬಲಗೈಯ ಆ ಬೆರಳುಗಳೇ.

ಸಂಜೆ ಅವರನ್ನು ಮನೆಗೆ ಮುಟ್ಟಿಸಿ ಬಂದು ಆ ವಾಕ್ಯ ಬರೆದೆ. ಆಂಪ್ಲಿಫೈಯರನ್ನು ಮುಂದೆ ನಾನೊಬ್ಬನೇ ಮುಗಿಸಿದೆ, ಪ್ರತಿ ಸಲವೂ ಬಲ್ಬು ಮುಟ್ಟಿಸಿ, ಪ್ರತಿ ಸಲವೂ ಮುಳ್ಳು ನೋಡಿ. ಹಾನಗಲ್ಲಿನಲ್ಲಿ ಗಿಟಾರು ಕೊನೆಯ ಸಾಲಿನಾಚೆಗೂ ಕೇಳಿಸಿತು. ಜನ ನನ್ನ ಬೆನ್ನು ತಟ್ಟಿ, ಮಿಸ್ತ್ರಿ ಯಾಕೆ ಬರಲಿಲ್ಲವೆಂದು ಕೇಳಿದರು. “ಸ್ವಲ್ಪ ಅವಸರ ಮಾಡಿದ್ರು, ಪಾಪ” ಎಂದೆ. ಡೈರಿಯ ವಾಕ್ಯ ಬಾಯಿಗೆ ಬರಲು ತಡವಾಗಲಿಲ್ಲ. ಮಿಸ್ತ್ರಿಯವರೂ ಸವಣೂರಿನಲ್ಲಿ ಎಲ್ಲರಿಗೂ ತಮ್ಮದೇ ತಪ್ಪೆಂದು ಹೇಳುತ್ತಿದ್ದಾರೆಂದು ಕೇಳಿದೆ. ನನಗೆ ಸಮಾಧಾನವಾಯಿತು. ಆ ಸಮಾಧಾನವೇ ಮುಂದೆ ನನ್ನನ್ನು ಕಾಡಿದ್ದು.

ಮಳೆಗಾಲ ಕಳೆದ ಮೇಲೆ ಅವರ ಮನೆಗೆ ಹೋದೆ. ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

“ಬರ್ರಿ ಮಾಸ್ತರ್ರ. ಈ ಸಲ ಕರೆಂಟ್ ಎಲ್ಲೈತ್ರಿ, ಚೀಲದಾಗೇನು?”

ಒಳಗೆ ಮಿಸ್ತ್ರಿಯವರ ಮುಂದೆ ಒಂದು ಪೇಟಿ ಬಿಚ್ಚಿ ಕುಳಿತಿತ್ತು. ಪಕ್ಕದಲ್ಲಿ ಇನ್ನೂ ಐದಾರು, ಧೂಳು ಹಿಡಿದು. ಬೆರಳ ಗಾಯ ಮಾಗಿ ಚರ್ಮ ದಪ್ಪಗಾಗಿತ್ತು. ಕೈ ನಡುಗುತ್ತಿರಲಿಲ್ಲ, ಆದರೆ ಅರ ಎಷ್ಟು ಕೆರೆಯಿತೆಂಬುದು ಬೆರಳಿಗೆ ತಿಳಿಯುತ್ತಿಲ್ಲ ಎಂದರು. ಅರವನ್ನು ನನ್ನ ಕೈಗೆ ಕೊಟ್ಟರು.

“ನೀವು ಕೆರೀರಿ. ನಾ ಕೇಳ್ತೇನಿ. ಸಾಕು ಅಂದ ಕೂಡ್ಲೆ ಬಿಡ್ರಿ.”

ಒಂದು ಎಳೆ ಕೆರೆದೆ. ಸ್ವರ ಏರಿತು. “ಇನ್ನೊಂದ್ ಚೂರು.” ಮತ್ತೆ ಕೆರೆದೆ. “ಸಾಕ್ರಿ” ಎಂಬುದು ಕಿವಿಗೆ ಬಿದ್ದರೂ ಕೈ ಮುಂದಕ್ಕೆ ಹೋಯಿತು. ಸ್ವರ ದಾಟಿಬಿಟ್ಟಿತು. ಅವರು ಆ ನಾಲಗೆಯನ್ನು ಕಿತ್ತು ಬದಿಗಿಟ್ಟರು. ಬೈಯಲಿಲ್ಲ.

ಆಗ ಕೇಳಿದೆ. “ಮಿಸ್ತ್ರಿ, ಆವತ್ತು ನೀವು ನನ್ನ ಕೇಳಿದ್ರೇನು?”

“ಕೇಳಿದ್ದೆ.”

“ನಾ ಏನಂದೆ?”

“ಹಿಡೀರಿ ಅಂದ್ರಿ.”

“ಮತ್ಯಾಕ ಎಲ್ಲಾರ ಮುಂದ ನಿಮ್ದ ತಪ್ಪು ಅಂದ್ರಿ?”

“ಬಲ್ಬ್ ಹಚ್ಚಬೇಕು, ಮುಳ್ಳು ನೋಡಬೇಕು ಅಂತ ನೀವಽ ಕಲಿಸಿದ್ರಿ. ಅದನ್ನ ಬಿಟ್ಟು ನಿಮ್ಮ ಮಾತು ನಂಬಿದ್ನಲ್ರಿ. ನಂದ ತಪ್ಪಾತಲ್ಲ?”

ಒಳಗಿನಿಂದ ಅವರ ಹೆಂಡತಿ ಏನೋ ಅಂದರು, ಉರ್ದುವಿನಲ್ಲಿ. ನನಗೆ ತಿಳಿಯಲಿಲ್ಲ, ಮಿಸ್ತ್ರಿಯವರೂ ತಿಳಿಸಲಿಲ್ಲ.

ತಪ್ಪು ತಮ್ಮದೆಂಬ ಮಾತನ್ನು ಮಿಸ್ತ್ರಿಯವರು ನಗುತ್ತ ಆಡಿದರೆಂದು ಆ ದಿನದ ಡೈರಿಯಲ್ಲಿ ಬರೆದಿದ್ದೇನೆ. ನಿಜವಾಗಿ ನಕ್ಕಿದ್ದರೇ? ನನಗೆ ನೆನಪಿರುವುದು ಬಗ್ಗಿದ ತಲೆ, ಬಿಚ್ಚಿದ ಪೇಟಿ, ಹೊಸ ನಾಲಗೆಯೊಂದನ್ನು ಎಡಗೈಯಿಂದ ಆರಿಸುತ್ತಿದ್ದ ರೀತಿ. ಹಳೆಯ ವಾಕ್ಯವನ್ನು ನಾನು ಹೊಡೆದು ಹಾಕಿಲ್ಲ. ಅದರ ಕೆಳಗೆ ‘ಕೇಳಿದ್ದರು, ನಾನು ಹಿಡಿಯಿರಿ ಎಂದಿದ್ದೆ’ ಎಂದು ಬರೆದು, ಆ ಪುಟವನ್ನು ತೆಗೆದುಕೊಂಡು ಮರುವಾರ ಸವಣೂರಿಗೆ ಹೋಗಿ ಓದಿ ತೋರಿಸಿದೆ. ಅವರು ಕೇಳಿಸಿಕೊಂಡರು. ಆಮೇಲೆ ಅರವನ್ನು ನನ್ನ ಕಡೆ ಸರಿಸಿದರು.

“ಕುಂಡ್ರಿ. ಈ ಸಲ ಸಾಕು ಅಂದಾಗ ಬಿಡ್ರಿ.”